ಬಿರುಕು ಓದುವ ಕೈ

ರ‍್ಯಾಲಿ ಮುಗಿಸಿ ಬಂದ ಜಿಪ್ಸಿಯನ್ನು ಕೂಡಲೇ ತೊಳೆಯಬೇಡಿ ಎನ್ನುವ ಮೆಕ್ಯಾನಿಕ್ ಮೇಲೆ ನನಗೆ ನಂಬಿಕೆ ಜಾಸ್ತಿ. ಅಡಿಗೆ ಮೆತ್ತಿದ ಮಣ್ಣು ಎಲ್ಲಿ ಎಣ್ಣೆ ಕುಡಿದು ಕಪ್ಪಾಗಿದೆಯೋ ಅಲ್ಲಿ ಸೀಲ್ ಸೋರುತ್ತಿದೆ. ಪೈಪು ಹಿಡಿದರೆ ಆ ಸಾಕ್ಷಿ ಚರಂಡಿ ಪಾಲು.

ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಿಗೆ ಈ ಗಾಡಿ ಹೇಳಿ ಮಾಡಿಸಿದ ಹಾಗಿದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾದರೂ ರ‍್ಯಾಲಿಯವರು ಅದನ್ನು ಬಿಟ್ಟಿಲ್ಲ. ಏಣಿಯಂಥ ಚಾಸಿ, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಸ್ಪಾನರ್ ಹಿಡಿದವನಿಗೆ ಎಲ್ಲವೂ ಕಣ್ಣೆದುರಿಗೇ ಇದೆ.

ನಮ್ಮ ಗ್ಯಾರೇಜುಗಳ ಜಾಣ್ಮೆ ದೊಡ್ಡದು, ಅನುಮಾನವಿಲ್ಲ. ಡಿಫರೆನ್ಷಿಯಲ್ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ದಾಟುವಾಗ ನೀರು ನುಗ್ಗಿದೆ ಎಂದು ನೋಡಿದ ಕೂಡಲೇ ಹೇಳುತ್ತಾರೆ. ಜಾಕ್ ಏರಿಸಿ, ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸಿಯೇ ಕಿಂಗ್‌ಪಿನ್ ಬೇರಿಂಗಿನ ಸವೆತ ಹಿಡಿಯುತ್ತಾರೆ. ಇನ್ನು ಚಾಸಿ ಪರೀಕ್ಷೆ: ಬಣ್ಣ ಕೆರೆದು, ಸೀಮೆಎಣ್ಣೆ ಬಳಿದು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರುತ್ತಾರೆ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡುತ್ತದೆ. ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಬಂತು. ಬಲ್ಲವರು ನೇರ ವೆಲ್ಡಿಂಗಿಗೆ ಇಳಿಯುವುದಿಲ್ಲ. ಬಿರುಕಿನ ತುದಿಗೆ ಪುಟ್ಟ ತೂತು ಕೊರೆದು, ಅದು ಮುಂದೆ ಓಡದಂತೆ ತಡೆದು, ಆಮೇಲೆ ಬೆಸೆಯುತ್ತಾರೆ.

ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಿರುಕು ಕಂಡಿತು, ಮುಚ್ಚಿತು. ಯಾಕೆ ಬಂತು ಎಂದು ಕೇಳುವವರು ಕಡಿಮೆ. ಜಿಗಿತದಲ್ಲಿ ಗಾಡಿ ನೆಲಕ್ಕೆ ಬಡಿಯಬಾರದೆಂದು ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸುವುದು ರೂಢಿ. ಸ್ಪ್ರಿಂಗ್ ಬಿಗಿಯಾದಷ್ಟೂ ಅದು ನುಂಗಬೇಕಿದ್ದ ಪೆಟ್ಟು ಚಾಸಿಯ ಕೊಂಡಿಗೆ ಹೋಗುತ್ತದೆ. ಬಿಗಿದು ಎಳೆದುಹೋದ ಹಳೆಯ ಯು-ಬೋಲ್ಟನ್ನೇ ಮತ್ತೆ ಹಾಕಿ, ಟಾರ್ಕ್ ರೆಂಚ್ ಬದಲು ತೋಳಿನ ಅಂದಾಜು ನಂಬಿದರೆ ಆಕ್ಸಲ್ ಕದಲಲು ಬೇರೆ ಕಾರಣ ಬೇಕಿಲ್ಲ.

ದುಡ್ಡಿಲ್ಲ, ಬಿಡುವಿಲ್ಲ ಎಂಬ ಉತ್ತರ ಸುಳ್ಳಲ್ಲ. ಸರ್ವಿಸ್ ಪಾರ್ಕಿನಲ್ಲಿ ನಿಮಿಷ ಎಣಿಸಿ ಕೆಲಸ ಮಾಡುವವರಿಗೆ ತೇಪೆಯೇ ಧರ್ಮ. ಆದರೆ ಎರಡು ಸ್ಪರ್ಧೆಗಳ ನಡುವಿನ ವಾರಗಳಿಗೂ ಅದೇ ಧರ್ಮ ಸಲ್ಲದು. ಒಂದೇ ಜಾಗ ಮೂರನೇ ಸಲ ಬಿರಿದಾಗಲೂ ಅದು ಮೂರನೆಯದು ಎಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಮೊದಲೆರಡನ್ನು ಯಾರೂ ಬರೆದಿಟ್ಟಿಲ್ಲ. ಹಿಂದಿನ ಬಾರಿ ಬೆಸೆದ ಹುಡುಗ ಬೇರೆ ಗ್ಯಾರೇಜು ಸೇರಿದ್ದರಂತೂ ನೆನಪೂ ಅವನ ಜೊತೆಗೇ ಹೋಯಿತು.

ಯಾವ ತಾರೀಖು, ಯಾವ ಬೋಲ್ಟು, ಎಲ್ಲಿ ಬಿರುಕು, ಎಷ್ಟು ಪ್ಲೇಟು: ಇಷ್ಟು ಬರೆಯಲು ನೂರು ಪುಟದ ನೋಟ್‌ಪುಸ್ತಕ ಸಾಕು. ಮಣ್ಣಿನ ಕಲೆಯನ್ನೂ ತೊಳೆಯದೆ ಓದುವವರು ತಮ್ಮ ಕೆಲಸವನ್ನು ಮಾತ್ರ ಬರೆಯದೆ ಅಳಿಸುತ್ತಿದ್ದಾರೆ.