ನ್ಯಾಟಿ ಗ್ಯಾನಳ ಯಾತ್ರೆ

ಮಕ್ಕಳಿಗೆಂದು ರಚಿತವಾಗುವ ಚಿತ್ರಪಟಗಳಲ್ಲಿ ದಾರಿದ್ರ್ಯವು ಬಹುಮಟ್ಟಿಗೆ ವೇಷವಾಗಿಯೇ ಬರುವುದು. ಹರಿದ ಅಂಗಿ, ಮಸಿ ಹತ್ತಿದ ಕೆನ್ನೆ, ಒಂದೆರಡು ಹನಿ ಕಣ್ಣೀರು; ಕಡೆಗೆ ಸಿರಿವಂತನೊಬ್ಬನ ಕೃಪೆ. ಅಮೆರಿಕದ ಡಿಸ್ನಿ ಸಂಸ್ಥೆಯವರು 1985ರಲ್ಲಿ ಹೊರತಂದ ‘ದಿ ಜರ್ನಿ ಆಫ್ ನ್ಯಾಟಿ ಗ್ಯಾನ್’ ಎಂಬ ಚಿತ್ರವು ಆ ಜಾತಿಗೆ ಸೇರಿದುದಲ್ಲ. ಜೀನ್ ರೋಸೆನ್‌ಬರ್ಗ್ ಎಂಬಾಕೆ ಬರೆದು ಜೆರೆಮಿ ಕೇಗನ್ ಎಂಬವರು ನಿರ್ದೇಶಿಸಿದ ಈ ಕೃತಿಯಲ್ಲಿ ಬಡತನವೇ ಕಥೆಯನ್ನು ನಡೆಯಿಸುವ ಕಾರಣವಾಗಿದೆ.

ಕಾಲ 1935, ಸ್ಥಳ ಷಿಕಾಗೋ ನಗರ. 1929ರ ಷೇರುಪೇಟೆಯ ಕುಸಿತದ ತರುವಾಯ ಆ ದೇಶಕ್ಕೆ ಒದಗಿದ ದುಷ್ಕಾಲದಲ್ಲಿ, 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಕೆಲಸವಿಲ್ಲದವರಾಗಿದ್ದರು. ಮನೆ ತೊರೆದ ಹುಡುಗರು ಸಾಮಾನು ಗಾಡಿಗಳನ್ನು ಕದ್ದೇರಿ ಊರೂರು ಅಲೆಯುತ್ತಿದ್ದರು. ತಾಯಿಯಿಲ್ಲದ ನ್ಯಾಟಿಯ ತಂದೆ ಸಾಲ್‌ಗೆ ಬಹುದೂರದ ವಾಷಿಂಗ್ಟನ್ ಸಂಸ್ಥಾನದ ಕಾಡಿನಲ್ಲಿ ಮರ ಕಡಿಯುವ ಕೆಲಸ ದೊರೆಯುವುದು. ಆದರೆ ತಕ್ಷಣವೇ ಹೊರಡಬೇಕು. ಮಗಳೋ, ಎಲ್ಲಿ ಹುಡುಕಿದರೂ ಕಾಣಳು. ಅವಳಿಗೆ ಕಾಗದವೊಂದನ್ನು ಬರೆದಿಟ್ಟು, ವಸತಿಗೃಹದ ಮೇಲ್ವಿಚಾರಕಿ ಕಾನಿಯ ವಶಕ್ಕೆ ಅವಳನ್ನು ಒಪ್ಪಿಸಿ ಅವನು ನಡೆಯುವನು. ಕಾನಿ ಅವಳನ್ನು ಅನಾಥೆಯೆಂದು ಅಧಿಕಾರಿಗಳಿಗೆ ಹಿಡಿದುಕೊಡಲೆಳಸಲು, ಬಾಲಿಕೆಯು ಓಡಿಹೋಗಿ ಪಶ್ಚಿಮಾಭಿಮುಖವಾಗಿ ರೈಲು ಹತ್ತುವಳು.

ಇದನ್ನು ನೋಡುವ ನಮ್ಮವರಿಗೆ ವನಪರ್ವದ ನಳೋಪಾಖ್ಯಾನವು ನೆನಪಾಗದೆ ಇರದು. ಪತ್ನಿ ಬೇರೆ, ಪುತ್ರಿ ಬೇರೆ, ನಿಜ. ಆದರೂ ತನ್ನನ್ನಗಲಿದರೆ ಅವಳಿಗೆ ಲೇಸಾದೀತೆಂದು ಎಣಿಸಿ ಬಿಟ್ಟುಹೋಗುವವನು ಅಲ್ಲಿಯೂ ಉಂಟು; ಬಿಟ್ಟವನನ್ನು ನಿಂದಿಸುತ್ತ ಕೂಡದೆ ಅರಸಿ ಹೊರಡುವವಳೂ ಉಂಟು. ದಮಯಂತಿ ಸೇರಿದ ವರ್ತಕರ ತಂಡವನ್ನು ಕಾಡಾನೆಗಳು ತುಳಿದುಹಾಕುವುವು. ನ್ಯಾಟಿಯಿದ್ದ ರೈಲು ಹಳಿ ತಪ್ಪಿ ಉರುಳುವುದು. ಮುಖ್ಯ ಭೇದವು ಒಂದೆಡೆ ಇದೆ. ನಳನ ಅಪರಾಧಕ್ಕೆ ಅವನ ದೇಹವನ್ನು ಹೊಕ್ಕ ಕಲಿಪುರುಷನು ಕಾರಣ. ಸಾಲ್‌ನನ್ನು ಯಾವ ಕಲಿಯೂ ಹೊಕ್ಕಿಲ್ಲ. ಕೆಲಸವೊಂದು ಬಂದಿತು, ತಡೆದರೆ ತಪ್ಪಿಹೋಗುವುದು, ಅಷ್ಟೆ. ಒಳ್ಳೆಯ ತಂದೆಯೂ ಮಗುವನ್ನು ಬಿಟ್ಟುಹೋಗಬೇಕಾದ ಕಾಲವೊಂದುಂಟೆಂಬ ಕಠಿನ ಸಂಗತಿಯನ್ನು ಮಕ್ಕಳ ಮುಂದೆ ಮರೆಮಾಚದೆ ಇಟ್ಟುದೇ ಈ ಚಿತ್ರದ ಹೆಚ್ಚಳ.

ಅಪಘಾತದ ಸ್ಥಳದಲ್ಲಿ ಮಗಳ ಹಣದ ಚೀಲ ಸಿಕ್ಕಿತೆಂಬ ವಾರ್ತೆಯಿಂದ ಅವಳು ಸತ್ತಳೆಂದೇ ನಂಬಿದ ತಂದೆಯು ಮುಂದೆ ಪ್ರಾಣಾಪಾಯದ ಕೆಲಸಗಳಿಗೇ ಕೈಹಾಕುವನು. ಇಲ್ಲಿ ವಿಲಾಪವಿಲ್ಲ, ದೀರ್ಘ ಭಾಷಣವಿಲ್ಲ. ರೇ ವೈಸ್ ಎಂಬ ನಟನ ಬಾಡಿದ ಮುಖವೇ ಸಾಕಾಗಿದೆ. ನ್ಯಾಟಿಯಾಗಿ ನಟಿಸಿರುವ ಮೆರೆಡಿತ್ ಸೆಲೆಂಜರಳೂ ಅನುಕಂಪವನ್ನು ಬೇಡುವವಳಲ್ಲ; ಅವಳಲ್ಲಿ ಕಾಣುವ ಸ್ಥಾಯಿಯು ಉತ್ಸಾಹ. ಆದುದರಿಂದಲೇ ಕರುಣವು ಕರೆಯದೆ ಬಂದು ನಿಲ್ಲುವುದು.

ದೋಷವಿಲ್ಲವೆಂದಲ್ಲ. ಕಲಿಯಿಲ್ಲದ ಕಥೆಯನ್ನು ಕಟ್ಟಿದವರಿಗೆ ಆ ಧೈರ್ಯವು ಉದ್ದಕ್ಕೂ ನಿಲ್ಲಲಿಲ್ಲ. ಕಾನಿಯನ್ನು ಕೇವಲ ದುಷ್ಟೆಯನ್ನಾಗಿ ಮಾಡಿ ಕಾಲದ ಪಾಪವನ್ನು ಅವಳ ತಲೆಗೆ ಕಟ್ಟಿದರು. ಬಾಡಿಗೆ ಬಾರದ ಮನೆಯನ್ನು ನಡೆಯಿಸುವವಳಿಗೂ ಆ ದಿನಗಳಲ್ಲಿ ಭಯವಿದ್ದೀತೆಂದು ಯಾರೂ ಯೋಚಿಸಲಿಲ್ಲ. ಪುಂಡ ಹುಡುಗರ ಗುಂಪು, ಅನಾಥಾಲಯದ ಸೆರೆ ಮೊದಲಾದ ಪ್ರಸಂಗಗಳು ಅವಸರದಲ್ಲಿ ಬಂದು ಹೋಗುವುವು.

ತೋಳದ ವಿಷಯದಲ್ಲಿ ಮಾತ್ರ ಔಚಿತ್ಯವು ಎಲ್ಲಿಯೂ ಕೆಟ್ಟಿಲ್ಲ. ಪಂದ್ಯಕ್ಕಾಗಿ ನಾಯಿಯೊಡನೆ ಕಾದಾಡಿಸುತ್ತಿದ್ದ ಪ್ರಾಣಿಯದು. (ಆ ದೃಶ್ಯವು ಕ್ರೂರವಾಗಿದೆ, ತೀರ ಎಳೆಯ ಮಕ್ಕಳ ಪಕ್ಕದಲ್ಲಿ ಹಿರಿಯರು ಕುಳಿತಿರುವುದು ಲೇಸು.) ಬಾಲಿಕೆಯ ನೆರವಿನಿಂದ ತಪ್ಪಿಸಿಕೊಂಡ ಮೇಲೆ ಅದು ಅವಳನ್ನು ದೂರದಿಂದ ಹಿಂಬಾಲಿಸುವುದು, ಬೇಟೆಯನ್ನು ಹಂಚಿಕೊಳ್ಳುವುದು. ಅವಳು ಅದಕ್ಕೆ ಮುದ್ದಿನ ಹೆಸರಿಡಳು, ತೋಳವೆಂದೇ ಕರೆಯುವಳು. ಕಡೆಗೆ ಕಾಡಿನಿಂದ ಸಜಾತೀಯರ ಕೂಗು ಕೇಳಿಬಂದಾಗ, ತಂದೆ ಇನ್ನೂ ಕಣ್ಣಿಗೆ ಬಿದ್ದಿಲ್ಲವಾದರೂ, ತನಗಿದ್ದ ಒಂದೇ ಜೊತೆಯನ್ನು ಹೋಗಗೊಟ್ಟು ಉಳಿದ ದಾರಿಯನ್ನು ಒಬ್ಬಳೇ ನಡೆಯುವಳು.