ಒದ್ದೆ ಬಟ್ಟೆ ಪಂಥ

ಈ ವಾರ ಕಾರ್ಬ್ಯುರೇಟರ್ ಜೆಟ್‌ಗಳ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಹಾಸನದ ಓದುಗರೊಬ್ಬರ ಪತ್ರ ಬಂತು, ಜೆಟ್ ಕಾಯಲಿ. ಅವರ ಪದ್ಮಿನಿ ಕಾರು ಬೆಳಗ್ಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಗುತ್ತದಂತೆ. ಶಿರಾಡಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದರೆ ಮುಗಿಯಿತು, ಎಷ್ಟು ಸೆಲ್ಫ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಮೆಕ್ಯಾನಿಕ್ ಬಂದು ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿಸಿದ. ಅರ್ಧ ಗಂಟೆಗೆ ಗಾಡಿ ಹೊರಟಿತು. ಆಮೇಲೆ ಪಂಪ್ ಹೊಸದಾಯಿತು, ಪೈಪ್ ಹೊಸದಾಯಿತು, ಕಾರ್ಬ್ಯುರೇಟರ್ ತೊಳೆದದ್ದಾಯಿತು. ರೋಗ ಇದ್ದಲ್ಲೇ ಇದೆ.

ಒದ್ದೆ ಬಟ್ಟೆ ಪಂಥದವರ ಜೊತೆ ನನ್ನ ಜಗಳ ಹಳೆಯದು. ಪೈಪ್‌ನೊಳಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯದೆ ನಿಲ್ಲುವುದು ಸುಳ್ಳೇನಲ್ಲ. ಏಪ್ರಿಲ್ ಬಿಸಿಲಿನ ಘಾಟಿಯಲ್ಲಿ ನಿಜಕ್ಕೂ ಆಗುತ್ತದೆ. ಆದರೆ ಬಟ್ಟೆ ಹಾಕಿ ಕಾಯುವ ಅರ್ಧ ಗಂಟೆಯಲ್ಲಿ ಪಂಪ್ ಒಂದೇ ತಣ್ಣಗಾಗುವುದೇ? ಬಾನೆಟ್ ಕೆಳಗಿನ ಸಮಸ್ತವೂ ತಣ್ಣಗಾಗುತ್ತದೆ, ಡಿಸ್ಟ್ರಿಬ್ಯೂಟರ್‌ನ ಕಂಡೆನ್ಸರ್ ಸಮೇತ. ಬಿಸಿಯಾದಾಗ ಒಳಗೊಳಗೇ ಶಾರ್ಟ್ ಆಗಿ, ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುವ ಕಂಡೆನ್ಸರ್‌ಗಳುಂಟು. ಗಾಡಿ ಹೊರಡುತ್ತದೆ, ಹೆಸರು ಬಟ್ಟೆಗೆ ಬರುತ್ತದೆ.

ಡಿಸ್ಟ್ರಿಬ್ಯೂಟರ್‌ನೊಳಗೆ ತೆರೆದು ಮುಚ್ಚುವ ಪಾಯಿಂಟ್ ಬಿಡಿಸಿಕೊಂಡ ಕ್ಷಣದಲ್ಲಿ ಕಾಯಿಲ್ ಇನ್ನೂರು ಮುನ್ನೂರು ವೋಲ್ಟನ್ನು ವಾಪಸು ಎಸೆಯುತ್ತದೆ. ಅದು ಪಾಯಿಂಟ್‌ನಲ್ಲೇ ಕಿಡಿಯಾಗಿ ಹಾಳಾಗದಂತೆ ನುಂಗಿಕೊಳ್ಳುವುದು, ಹೆಬ್ಬೆರಳ ತುದಿಯಷ್ಟಿರುವ ಈ ಕಂಡೆನ್ಸರ್ ಡಬ್ಬಿ. ಆಗಲೇ ಪ್ಲಗ್‌ಗೆ ಸಾವಿರಗಟ್ಟಲೆ ವೋಲ್ಟ್ ಸಿಗುವುದು. ಡಬ್ಬಿಯೊಳಗೆ ತಂತಿ ಕಡಿದರೆ ಕಿಡಿ ಹಳದಿಯಾಗಿ ಸೊರಗುತ್ತದೆ, ಪಾಯಿಂಟ್ ಸುಡುತ್ತದೆ. ಶಾರ್ಟ್ ಆದರೆ ಪಾಯಿಂಟ್ ತೆರೆದರೂ ಮುಚ್ಚಿದರೂ ಒಂದೇ, ಕರೆಂಟೆಲ್ಲ ಅರ್ತ್‌ಗೆ ಹೋಗುತ್ತದೆ. ಅಂಬಾಸಡರ್‌ಗೂ ಮೊದಮೊದಲ ಮಾರುತಿ 800ಕ್ಕೂ ಇದೇ ಕತೆ. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಈ ಏರ್ಪಾಟು ಚಾರ್ಲ್ಸ್ ಕೆಟರಿಂಗ್‌ನದು. 1912ರ ಕ್ಯಾಡಿಲಾಕ್‌ಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವನೂ ಅವನೇ. ಬಾನೆಟ್ ಎತ್ತಿ ನಿಂತವರು ಒಬ್ಬನನ್ನೇ ಎರಡು ಸಲ ಬೈಯುವ ಅನುಕೂಲವಿದೆ.

ಸಕಲೇಶಪುರದಲ್ಲಿ ಬೇಕಿದ್ದದ್ದು ಒಂದು 12 ವೋಲ್ಟ್ ಬಲ್ಬು, ಎರಡು ವೈರು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ವೈರ್ ಹೋಗುವ ಟರ್ಮಿನಲ್‌ಗೆ ಒಂದು ತುದಿ, ಎಂಜಿನ್‌ನ ಬರಿಯ ಲೋಹಕ್ಕೆ ಇನ್ನೊಂದು. ಸೆಲ್ಫ್ ಹೊಡೆಸಿ. ಬಲ್ಬು ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಹೊತ್ತಲೇ ಇಲ್ಲವೆ? ಕಾಯಿಲ್‌ನ ಆಚೆ ಟರ್ಮಿನಲ್‌ಗೆ ಕರೆಂಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಕಂಡೆನ್ಸರ್ ವೈರ್ ಬಿಚ್ಚಿ, ಅದರ ತುದಿ ಎಲ್ಲೂ ತಾಗದಂತೆ ಹಿಡಿದು, ಇನ್ನೊಮ್ಮೆ ಸೆಲ್ಫ್ ಹೊಡೆಸಿ. ಈಗ ಮಿಣುಕಿದರೆ ಕಳ್ಳ ಸಿಕ್ಕಿಬಿದ್ದ. ಇದನ್ನೆಲ್ಲ ಗಾಡಿ ಬಿಸಿ ಇರುವಾಗಲೇ ಮಾಡಬೇಕು. ಗ್ಯಾರೇಜ್‌ಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಸಾಕ್ಷಿಯೆಲ್ಲ ತಣ್ಣಗಾಗಿರುತ್ತದೆ.

‘ಬದಲಾಯಿಸಿ ನೋಡೋಣ ಸಾರ್’ ಅನ್ನುವವರಿಗೆಲ್ಲ ರಾಬರ್ಟ್ ಪರ್ಸಿಗ್ 1974ರಲ್ಲೇ ಉತ್ತರ ಕೊಟ್ಟಿದ್ದಾನೆ. ‘ಝೆನ್ ಅಂಡ್ ದ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ನ ನಿರೂಪಕ ತನ್ನ ಬೈಕನ್ನು ರಿಪೇರಿಗೆ ಕೊಡುತ್ತಾನೆ. ಅಂಗಡಿಯಲ್ಲಿ ರೇಡಿಯೊ ಅಬ್ಬರಿಸುತ್ತಿದೆ, ಹುಡುಗರು ಹಾಡಿಗೆ ತಲೆದೂಗುತ್ತ ಉಳಿ, ಸುತ್ತಿಗೆ ಹಿಡಿದು ಬಡಿಯುತ್ತಾರೆ. ಎಂಜಿನ್ ಬಿಚ್ಚುತ್ತಾರೆ, ಇದ್ದದ್ದನ್ನೂ ಮುರಿಯುತ್ತಾರೆ. ಕೊನೆಗೆ ಅವನೇ ಪತ್ತೆಹಚ್ಚಿದ ಕಾರಣ, ಎಣ್ಣೆ ಹರಿಯುವ ದಾರಿಯಲ್ಲಿ ತುಂಡಾಗಿದ್ದ 25 ಸೆಂಟ್‌ನ ಒಂದು ಪಿನ್. ಆ ಹುಡುಗರಿಗೆ ಬುದ್ಧಿ ಇರಲಿಲ್ಲವೆಂದು ಅವನು ಹೇಳುವುದಿಲ್ಲ, ಲಕ್ಷ್ಯ ಇರಲಿಲ್ಲ ಅನ್ನುತ್ತಾನೆ. ಮೆಕ್ಯಾನಿಕ್ ಆಗುವ ಪ್ರತಿ ಹುಡುಗನಿಗೂ ಪಾನಾ ಸೆಟ್ ಜೊತೆಗೆ ಆ ಅಧ್ಯಾಯವನ್ನು ಓದಿಸಬೇಕು.

ಪಾಯಿಂಟ್ ಬದಲಿಗೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ನಿಶ್ಚಿಂತೆಯಾಗಿರಿ ಅನ್ನುವ ಗುಂಪೂ ಈ ವಾರ ನನಗೆ ಬರೆಯುತ್ತದೆಂದು ಗೊತ್ತು. ಹಾಕಿಸಿಕೊಳ್ಳಿ ಸ್ವಾಮಿ. ಕಿಡಿ ಜೋರು, ಪಾಯಿಂಟ್ ಉಜ್ಜುವ ಗೋಳಿಲ್ಲ. ಅದು ಬಿಸಿಲೆ ಕಾಡಿನ ನಡುವೆ ಸತ್ತ ದಿನ ಮಾತ್ರ ನಿಮಗೆ ಉಜ್ಜಲೂ ಏನೂ ಇರುವುದಿಲ್ಲ.

ಕಂಡೆನ್ಸರ್ ಬದಲಾಯಿಸುವ ಕೆಲಸ ಐದು ನಿಮಿಷದ್ದು. ಬ್ಯಾಟರಿ ವೈರ್ ಬಿಚ್ಚಿ. ಕಂಡೆನ್ಸರ್ ಕೂರುವ ಜಾಗದ ಎಣ್ಣೆ, ತುಕ್ಕು ಎಲ್ಲ ಕೆರೆದು ಲೋಹ ಹೊಳೆಯುವಂತೆ ಮಾಡಿ. ಡಬ್ಬಿಯ ಮೈಯೇ ಅದರ ಅರ್ತ್, ಹಿಡಿತ ಸಡಿಲವಾದರೆ ಹೊಸದೂ ಹಳೆಯದರಂತೆಯೇ ಕೈಕೊಡುತ್ತದೆ. ಪಾಯಿಂಟ್ ಸುಟ್ಟಿದ್ದರೆ ಜೊತೆಗೆ ಅದನ್ನೂ ಬದಲಾಯಿಸಿ. ಬಿಡಿಭಾಗಕ್ಕೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ಒಂದಲ್ಲ, ಎರಡು ಕಂಡೆನ್ಸರ್ ತನ್ನಿ. ಪೆಟ್ಟಿಗೆಯಿಂದ ತೆಗೆದಾಗಲೇ ಸತ್ತಿರುವ ಮಾಲು ಈಗ ಸಾಕಷ್ಟು ಬರುತ್ತಿದೆ. ಆದ್ದರಿಂದ ಎರಡನ್ನೂ ಒಂದೊಂದು ಸಲ ಹಾಕಿ ಘಾಟಿ ಹತ್ತಿಸಿ. ಹತ್ತಿ ಬಂದದ್ದನ್ನು ಬಿಚ್ಚಿ, ಒಂದು ಸ್ಕ್ರೂಡ್ರೈವರ್ ಜೊತೆ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ. ಪೆಟ್ಟಿಗೆ ಒಡೆಯದ ಹೊಸ ಕಂಡೆನ್ಸರನ್ನು ನಾನು ಸ್ಪೇರ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.