ಬೆಂಗಾಡಿನ ಹಕ್ಕಿಗಳು: ರಸಿಕರಿಗೊಂದು ಕೈಪಿಡಿ

ಪಕ್ಷಿವೀಕ್ಷಣೆಯ ರುಚಿಯನ್ನು ಹೊಸದಾಗಿ ಹತ್ತಿಸಿಕೊಂಡವರು ಸಾಮಾನ್ಯವಾಗಿ ರಂಗನತಿಟ್ಟಿಗೋ ದಾಂಡೇಲಿಗೋ ಪ್ರಯಾಣ ಬೆಳೆಸುತ್ತಾರೆ. ಅಲ್ಲಿ ನೀರೂ ಮರವೂ ಯಥೇಚ್ಛವಾಗಿದ್ದು, ಹಕ್ಕಿ ತಾನಾಗಿಯೇ ಕಣ್ಣಿಗೆ ಬೀಳುವುದರಿಂದ ನೋಡುವವನ ಶ್ರಮವು ಅಲ್ಪವಾಗಿಯೂ ಫಲವು ಅಧಿಕವಾಗಿಯೂ ಇರುತ್ತದೆ. ಮರುಭೂಮಿಯೆಂಬ ಹೆಸರು ಪೂರ್ಣಾರ್ಥದಲ್ಲಿ ಕನ್ನಡ ನಾಡಿನ ಯಾವ ಭಾಗಕ್ಕೂ ಸಲ್ಲದಾದರೂ, ಬೆಳಗಾವಿ ಜಿಲ್ಲೆಯ ಈಶಾನ್ಯಕ್ಕಿರುವ ಅಥಣಿಯ ಮಡ್ಡಿಗಳಲ್ಲಿ, ಜಾಲಿಯೂ ಬಾರಿಯೂ ಹೊರತು ಬೇರೆ ನೆರಳಿಲ್ಲದ ಕಲ್ಲುನೆಲದಲ್ಲಿ, ಬೆಂಗಾಡಿನ ಗುಣವೆಲ್ಲವೂ ಉಂಟು. ಇಲ್ಲಿನ ಹಕ್ಕಿಗಳ ಚೆಲುವು ಅವು ಬಾಳುವ ನೆಲದ ಬಣ್ಣದಲ್ಲಿಯೇ ಅಡಗಿರುವುದರಿಂದ, ಮೊದಲು ನೆಲವನ್ನು ನೋಡಲು ಕಲಿತವನಿಗೆ ಮಾತ್ರ ಅವು ಗೋಚರಿಸುತ್ತವೆ. ಈ ಶಿಕ್ಷಣವನ್ನು ಪಡೆದ ಕಣ್ಣಿಗೆ ಬೇರೆಲ್ಲಿಯ ಹಕ್ಕಿಯೂ ಕಷ್ಟವಾಗಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಹ್ಯಾದ್ರಿಯ ಕಡೆಯಿಂದ ಬರುವ ಮುಂಗಾರು ನಿಪ್ಪಾಣಿಯ ತಂಬಾಕಿನ ಹೊಲಗಳನ್ನು ಚೆನ್ನಾಗಿಯೇ ತೋಯಿಸಿ, ಚಿಕ್ಕೋಡಿಯನ್ನು ದಾಟುವಷ್ಟರಲ್ಲಿ ಕೃಶವಾಗಿ, ರಾಯಬಾಗ ಕಾಗವಾಡಗಳ ಆಚೆ ಬಹುಮಟ್ಟಿಗೆ ಬರಿಗೈಯಾಗುವುದು. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯನ್ನು ತನ್ನೊಳಗೆ ಸೇರಿಸಿಕೊಂಡು ಹರಿಯುವ ಕೃಷ್ಣೆಯ ಎರಡು ದಡಗಳಲ್ಲಿ ಕಬ್ಬು ಹಸುರಾಗಿ ನಿಂತಿದ್ದರೂ, ನದಿಯನ್ನು ಬಿಟ್ಟು ಮದಭಾವಿ, ಅನಂತಪುರ, ತೆಲಸಂಗಗಳ ಕಡೆಗೆ ಹೊರಟವನಿಗೆ ಹಸುರು ಹಿಂದುಳಿದು, ಎರೆಯ ಕಪ್ಪೂ ಮಸಾರಿಯ ಕೆಂಪೂ ಕುರುಚಲ ಹುಲ್ಲಿನ ಹೊಂಬಣ್ಣವೂ ಎದುರಾಗುತ್ತವೆ. ಮಾರ್ಗಶಿರ ಪುಷ್ಯ ಮಾಸಗಳು, ಎಂದರೆ ಹಿಂಗಾರಿ ಜೋಳ ತೆನೆ ಕಟ್ಟುವ ಕಾಲವು, ಮೊದಲ ಸಲ ಬರುವವರಿಗೆ ಉತ್ತಮ. ಒಂದು ದುರ್ಬೀನು, ಮಾಸಿದ ಬಣ್ಣದ ಉಡುಪು, ಎರಡು ಹೊತ್ತಿಗೆ ಸಾಲುವ ನೀರು, ಜೋಳದ ರೊಟ್ಟಿ, ಹಿಂಡಿಯ ಪುಡಿ ಇವಿಷ್ಟಿದ್ದರೆ ಸಾಕು. ಅಥಣಿಯ ಕುಶಲಿಗಳು ಹೊಲಿಯುವ ಚರ್ಮದ ಚಪ್ಪಲಿಗಳು ಲೋಕಪ್ರಸಿದ್ಧವಾದರೂ, ನಡೆವಾಗ ಅವು ಮಾಡುವ ಕರಕರ ಶಬ್ದವು ಈ ಕಾರ್ಯಕ್ಕೆ ಒಗ್ಗದು. ಮುಳ್ಳು ತಡೆಯುವ ಮೆತ್ತನೆಯ ಬೂಟು ಲೇಸು.

ಸೂರ್ಯೋದಯಕ್ಕೆ ಮುಂಚೆಯೇ ಮಡ್ಡಿಯ ಮೇಲೆ ಇರತಕ್ಕದ್ದು, ಮತ್ತು ಮೊದಲ ಅರ್ಧ ಗಂಟೆ ದುರ್ಬೀನನ್ನು ಕೈಗೆತ್ತಿಕೊಳ್ಳದಿರತಕ್ಕದ್ದು. ಸಂಗೀತವನ್ನು ಬಲ್ಲವರು ಆಲಾಪದಲ್ಲಿ ರಾಗದ ಸ್ವರೂಪವನ್ನು ಗುರುತಿಸಿಕೊಳ್ಳುವಂತೆ, ಬೆಳಕು ಹರಿಯುವ ಮೊದಲಿನ ಧ್ವನಿಗಳಲ್ಲಿ ದಿನದ ಸ್ವರೂಪವನ್ನು ಗುರುತಿಸಿಕೊಳ್ಳಬಹುದು. ಮೊದಲು ಕೇಳುವುದು ಗೌಜುಗದ ಮೂರು ತುಣುಕಿನ ಏರುಕೂಗು. ಒಂದು ಒಡ್ಡಿನಿಂದೆದ್ದ ಕೂಗಿಗೆ ಇನ್ನೊಂದು ಒಡ್ಡಿನಿಂದ ಪ್ರತ್ಯುತ್ತರ ಬಂದು, ನೋಡನೋಡುತ್ತ ಬಯಲೆಲ್ಲ ಮಾತಿಗೆ ತೊಡಗುವುದು. ಆಮೇಲೆ ನೆಲಗುಬ್ಬಿಗಳು. ಗುಬ್ಬಿಯ ಗಾತ್ರದ, ನೆತ್ತಿ ಬೂದಿಯಾಗಿ ಎದೆಹೊಟ್ಟೆಗಳು ಕಪ್ಪಾಗಿರುವ ಗಂಡು ಹಕ್ಕಿ ರೆಕ್ಕೆ ಬಡಿಯುತ್ತ ನೆಟ್ಟಗೆ ಮೇಲೇರಿ, ರೆಕ್ಕೆ ಮುಚ್ಚಿ ಸಿಳ್ಳು ಹಾಕುತ್ತ ಕೆಳಗೆ ಧುಮುಕಿ, ನೆಲಕ್ಕೆ ಅಪ್ಪಳಿಸಿತೆನ್ನುವಷ್ಟರಲ್ಲಿ ತಿರುಗಿ ಏರುವ ಕ್ರೀಡೆಯನ್ನು ನೋಡಿದವರು, ಈ ಜಾತಿಯನ್ನು ಮುಂದೆಂದೂ ಸಾಮಾನ್ಯವೆಂದು ಕಡೆಗಣಿಸಲಾರರು. ಇದರ ಬಂಧುವಾದ, ತಲೆಯ ಮೇಲೆ ಜುಟ್ಟುಳ್ಳ ಸೈಕ್ಸನ ನೆಲಗುಬ್ಬಿ ಬಹುಮಟ್ಟಿಗೆ ದಖ್ಖನ್ನಿನ ಸ್ವಂತ ಹಕ್ಕಿ. 1832ರಲ್ಲಿ ದಖ್ಖನ್ನಿನ ಪಕ್ಷಿಗಳ ಪಟ್ಟಿಯನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಒಪ್ಪಿಸಿದ ಕರ್ನಲ್ ಸೈಕ್ಸ್ ಎಂಬವರ ಹೆಸರು ಅದಕ್ಕೆ ನಿಂತಿದೆ. ಇದು ಇತರ ಹಕ್ಕಿಗಳ ಸ್ವರಗಳನ್ನು ಅನುಕರಿಸಿ ತನ್ನ ಹಾಡಿನಲ್ಲಿ ಹೆಣೆಯುವುದರಿಂದ, ಟಿಟ್ಟಿಭದ ಕೂಗು ಆಕಾಶದಿಂದ ಕೇಳಿಬಂದು ಟಿಟ್ಟಿಭವು ಎಲ್ಲಿಯೂ ಕಾಣದಾದಾಗ, ತಲೆಯೆತ್ತಿ ಈ ಗಾಯಕನನ್ನು ಹುಡುಕಬೇಕು.

ಕಿವಿ ಸಿದ್ಧವಾದ ಮೇಲೆ ಕಣ್ಣಿನ ಪಾಠ. ಬಯಲನ್ನೆಲ್ಲ ಒಮ್ಮೆಗೇ ನೋಡಲು ಯತ್ನಿಸುವುದು ಹೊಸಬರೆಲ್ಲರ ಪ್ರವೃತ್ತಿ. ಅದನ್ನು ಬಿಟ್ಟು, ಇಪ್ಪತ್ತು ಮಾರು ದೂರದ ಒಂದು ಪಟ್ಟಿಯನ್ನು ಆರಿಸಿಕೊಂಡು, ಎಡದಿಂದ ಬಲಕ್ಕೆ ಸಾವಧಾನವಾಗಿ ದೃಷ್ಟಿಯನ್ನು ನಡೆಯಿಸಬೇಕು. ಕಲ್ಲೆಂದು ಭಾವಿಸಿದ್ದು ಹತ್ತು ಹೆಜ್ಜೆ ಓಡಿ, ನಿಂತು, ಬಾಗಿ ಹುಳುವನ್ನು ಹೆಕ್ಕಿ, ಮರಳಿ ಓಡಿ ನಿಂತರೆ ಅದು ಚಿಟವ. ಜೇನುಕೆಂಪಿನ ನೆತ್ತಿ, ಕಣ್ಣಿನ ಹಿಂದಕ್ಕೆ ಹರಿದ ಬಿಳಿ ಕಪ್ಪು ಗೆರೆಗಳು, ಇಟ್ಟಿಗೆ ಬಣ್ಣದ ಎದೆ, ಉದ್ದನೆಯ ಬಿಳಿ ಕಾಲು. ಇಷ್ಟೊಂದು ವರ್ಣಗಳನ್ನು ಧರಿಸಿಯೂ ನಿಶ್ಚಲವಾದೊಡನೆ ನೆಲದಲ್ಲಿ ಲೀನವಾಗುವ ಈ ಹಕ್ಕಿ ನನ್ನ ಮಟ್ಟಿಗೆ ಈ ಸೀಮೆಯ ಅತ್ಯಂತ ಸುಂದರ ಜೀವಿ. ಇದಕ್ಕಾಗಿ ನವಿಲನ್ನೂ ನೀಲಕಂಠವನ್ನೂ ನಾನು ಸಂತೋಷದಿಂದ ಬಿಟ್ಟುಕೊಟ್ಟೇನು.

ಹೊತ್ತು ಎರಡು ಮಾರು ಏರುವ ವೇಳೆಗೆ ಯಾವುದಾದರೊಂದು ಹೊಂಡದ ಬಳಿ ಜಾಲಿಯ ಮರೆಯಲ್ಲಿ ಕುಳಿತಿರಬೇಕು. ಯಾವ ಹೊಂಡವೆಂಬುದನ್ನು ಪುಸ್ತಕ ಹೇಳದು, ಕುರಿ ಕಾಯುವವರು ಹೇಳುತ್ತಾರೆ. “ಅಜ್ಜಾ, ಹಕ್ಕಿ ನೀರಿಗೆ ಎಲ್ಲಿ ಇಳೀತಾವ್ರಿ?” ಎಂದು ವಿನಯದಿಂದ ಕೇಳಿದರೆ, ಕೈಬಡಿಗೆಯನ್ನೆತ್ತಿ ದಿಕ್ಕು ತೋರಿಸದ ಕುರುಬನಿಲ್ಲ. ಅಲ್ಲಿಗೆ ಬರುವುದು ಪುಸ್ತಕಗಳು ಸ್ಯಾಂಡ್‌ಗ್ರೌಸ್ ಎಂದು ಕರೆಯುವ, ಪಾರಿವಾಳದ ಗಾತ್ರದ, ಸೂಜಿಯಂಥ ಬಾಲದ ಹಕ್ಕಿ. ಒಣ ಬೀಜಗಳನ್ನೇ ತಿಂದು ಬದುಕುವ ಇದಕ್ಕೆ ನೀರು ಅನಿವಾರ್ಯವಾದುದರಿಂದ, ಗುಂಪುಗುಂಪಾಗಿ, ಗಂಟಲಲ್ಲಿ ಎರಡಕ್ಷರದ ಶಬ್ದ ಮಾಡುತ್ತ, ಬಹುದೂರದಿಂದ ಹಾರಿಬಂದು, ಅಂಚಿಗೆ ಸ್ವಲ್ಪ ದೂರದಲ್ಲಿ ಇಳಿದು, ಅಪಾಯವಿಲ್ಲವೆಂದು ಖಚಿತವಾದ ಮೇಲೆ ಓಡಿಹೋಗಿ ನೀರು ಕುಡಿದು ಕ್ಷಣಾರ್ಧದಲ್ಲಿ ಮರೆಯಾಗುವುದು. ಮರಿಗಳಿರುವ ಕಾಲದಲ್ಲಿ ಗಂಡು ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಯಿಸಿಕೊಂಡು ಹಾರಿಹೋಗಿ, ಆ ಗರಿಗಳಿಂದ ಮರಿಗಳಿಗೆ ನೀರುಣಿಸುತ್ತದೆ. ಆ ಗರಿಗಳ ರಚನೆಯೇ ನೀರನ್ನು ಹೀರಿ ಹಿಡಿದುಕೊಳ್ಳುವಂಥದು. ನಡುಹಗಲ ದಾಹದಲ್ಲಿ ನಮ್ಮ ನೀರಿನ ಬಾಟಲಿಯನ್ನು ತೆರೆಯುವಾಗ ಈ ತಂದೆಯ ನೆನಪಾಗದಿರದು.

ಮಧ್ಯಾಹ್ನ ಹಾವುಗಿಡುಗವೊಂದು ಮೇಲೆ ನಿಂತಲ್ಲೇ ರೆಕ್ಕೆಯಾಡಿಸುವುದನ್ನು ಬಿಟ್ಟರೆ ಕಾಣುವುದು ಕಡಿಮೆ. ಆಗ ಕೃಷ್ಣೆಯ ಕಡೆಗಿಳಿದು, ಉಗಾರ ಅಥವಾ ಕುಡಚಿಯ ಬಳಿ ಮರಳದಿಬ್ಬಗಳ ಮೇಲೆ ಕಿತ್ತಳೆವರ್ಣದ ಚಕ್ರವಾಕಗಳಿವೆಯೇ ಎಂದು ನೋಡಿ ಬರಬಹುದು. ದಾರಿಯ ಜೋಳದ ಹೊಲಗಳನ್ನು ಮಾತ್ರ ಬಿಡಬಾರದು. ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಅಲ್ಲಿ ಮೋಡದಂತೆ ಎದ್ದಿಳಿಯುವಾಗ, ಅಟ್ಟದ ಮೇಲೆ ನಿಂತು ಕವಣಿ ಬೀಸುವ ರೈತನ ಸಂಕಟವನ್ನೂ ರಸಿಕನು ಅರಿಯಬೇಕು. ಅದೇ ಹಿಂಡು ಮಿಡತೆಗಳನ್ನೂ ಅಸಂಖ್ಯವಾಗಿ ತಿನ್ನುವುದೆಂಬುದು ನಿಜವಾದರೂ, ಆ ಮಾತನ್ನು ತೆನೆ ಕಳೆದುಕೊಂಡವನ ಎದುರಿಗೆ ಆಡುವುದು ಸಲ್ಲದು.

ಈ ನೆಲದಲ್ಲಿ ಕಾಣದ ಒಂದು ಹಕ್ಕಿಯನ್ನೂ ನೋಡಲು ಕಲಿಯಬೇಕಾಗಿದೆ. ಎರ್ಲಡ್ಡೆಂದೂ ಎರೆಭೂತವೆಂದೂ ಕರೆಯಲ್ಪಡುವ, ಮಗುವಿನೆತ್ತರದ, ಹತ್ತು ಹದಿನೈದು ಕಿಲೋ ತೂಗುವ ಗಂಡಿನ ಗಂಭೀರ ನಡಿಗೆಯು ಒಂದು ಕಾಲಕ್ಕೆ ದಖ್ಖನ್ನಿನ ಒಣಬಯಲುಗಳ ಅಲಂಕಾರವಾಗಿತ್ತು. 1881ರಲ್ಲಿ ಇ. ಎ. ಬಟ್ಲರ್ ಎಂಬ ಸೈನ್ಯಾಧಿಕಾರಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ದಖ್ಖನ್ನು ಮತ್ತು ದಕ್ಷಿಣ ಮರಾಠಾ ಸೀಮೆಯ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದಾಗ ನಮ್ಮ ಈ ಪ್ರದೇಶವು ಆ ಸೀಮೆಗೇ ಸೇರಿತ್ತು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ, ಇಡುವ ಹಕ್ಕಿ ಬೇಟೆಯನ್ನೂ ನೇಗಿಲನ್ನೂ ವಿದ್ಯುತ್ ತಂತಿಯನ್ನೂ ಏಕಕಾಲಕ್ಕೆ ತಾಳಲಾರದೆ ಹೋಯಿತು. ಉತ್ತರಕ್ಕೆ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲಿ ಅದಕ್ಕಾಗಿ ಅಭಯಾರಣ್ಯವಾಯಿತು. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದವು. ಮಡ್ಡಿಯನ್ನು ಬಂಜರೆಂದು ಕಾಗದದಲ್ಲಿ ಬರೆದು, ಗಿಡ ನೆಟ್ಟೋ ಗುಂಡಿ ತೋಡಿಯೋ ಅದನ್ನು ಉದ್ಧರಿಸಹೊರಡುವವರು ಈ ಹಕ್ಕಿಯ ಚರಿತ್ರೆಯನ್ನು ಒಮ್ಮೆಯಾದರೂ ಓದಲೆಂದು ನಾನು ಬೇಡುತ್ತೇನೆ. ಹುಲ್ಲುಬಯಲಿಗೆ ಮರವೂ ಒಂದು ಆಕ್ರಮಣವೇ.

ಸಂಜೆ ಮತ್ತೆ ಮಡ್ಡಿಗೆ ಬರಬೇಕು. ಗಾಯರಾಣದ, ಎಂದರೆ ಗೋಮಾಳದ, ಹುಲ್ಲು ಮೊಳಕಾಲೆತ್ತರ ಉಳಿದಿರುವ ಕಡೆ, ಸೂರ್ಯ ಮುಳುಗುವ ಮುನ್ನ, ಸೆಳೆವಗಳು ನೆಲಕ್ಕೆ ತಾಗುವಂತೆ ತೇಲುತ್ತ ಒಂದೊಂದಾಗಿ ಬರುತ್ತವೆ. ಬೂದಿಬಿಳುಪಿನ ಮೈಗೆ ರೆಕ್ಕೆಯ ತುದಿ ಮಾತ್ರ ಕಪ್ಪಾಗಿದ್ದರೆ ಗಂಡು, ಕಂದು ಮೈಗೆ ಬಾಲದ ಬುಡ ಬಿಳಿದಾಗಿದ್ದರೆ ಹೆಣ್ಣು. ಮರವನ್ನೊಲ್ಲದೆ ಹುಲ್ಲಿನಲ್ಲಿಯೇ ರಾತ್ರಿ ಕಳೆಯುವ ಈ ದೂರದ ಅತಿಥಿಗಳ ತಂಗುದಾಣಕ್ಕೆ ಇನ್ನೂರು ಮಾರಿಗಿಂತ ಸಮೀಪ ಹೋಗತಕ್ಕದ್ದಲ್ಲ.

ಚೈತ್ರ ವೈಶಾಖಗಳಲ್ಲಿ ಎರಡನೆಯ ಸಲ ಬರುವವರಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ. ಹಳದಿ ಟಿಟ್ಟಿಭವು ಬರಿನೆಲದ ತಗ್ಗಿನಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳನ್ನಿಟ್ಟು, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಅವನ್ನು ತಣಿಸುವ ಕಾಲವದು. ತಾಯಿ ತಂದೆಗಳು ಕೂಗುತ್ತ ಸುತ್ತತೊಡಗಿದವೆಂದರೆ ಬಂದ ಹೆಜ್ಜೆಯ ಮೇಲೆಯೇ ಹಿಂದಿರುಗಬೇಕು. ಛಾಯಾಚಿತ್ರದ ಆಸೆಯಿಂದ ನಾವು ಅಲ್ಲಿ ನಿಂತಷ್ಟು ಹೊತ್ತೂ ಆ ಮೊಟ್ಟೆಗಳು ವೈಶಾಖದ ಬಿಸಿಲಿನಲ್ಲಿ ನೆರಳಿಲ್ಲದೆ ಬೇಯುತ್ತಿರುತ್ತವೆ.